ಅವ್ವ ಕೊಟ್ಟ ಪದವಿ

ಪ್ರೊಫೆಸರ್ ಟಾಲಿವರ್ ಯಾವ ಕಾಲೇಜಿನಲ್ಲೂ ಪಾಠ ಹೇಳಿದವರಲ್ಲ, ಯಾವ ಕಾಲೇಜಿನಲ್ಲೂ ಪಾಠ ಕೇಳಿದವರೂ ಅಲ್ಲ. ಅಮೆರಿಕದ ಜಾರ್ಜಿಯಾ ಸೀಮೆಯ ಸ್ಯಾಲಿಸ್ ಫೆರಿಯಲ್ಲಿ, ಮಿಲ್ ಬೀದಿಯ ಮೂಲೆಯಲ್ಲಿ, ಊರಿನ ಕಪ್ಪು ಜನರ ಕೂದಲು ಕತ್ತರಿಸಿ ಬದುಕಿದವರು ಅವರು. ಆದರೂ ಹೊಕ್ಕುಳಬಳ್ಳಿ ಉದುರುವ ಮೊದಲೇ ಅವರು ಪ್ರೊಫೆಸರ್ ಆಗಿದ್ದರು. ಪ್ರೊಫೆಸರರು ತೊಟ್ಟಿಲಲ್ಲಿ ಮಲಗಿ ಕಿರುಚಿದರು, ಪ್ರೊಫೆಸರರು ಬಟ್ಟೆ ಒದ್ದೆ ಮಾಡಿಕೊಂಡರು, ಪ್ರೊಫೆಸರರಿಗೆ ಹಲ್ಲು ಬರುವಾಗ ಭೇದಿಯಾಯಿತು. ಅದು ಅವರ ಹೆಸರು. ಹೆತ್ತ ತಾಯಿ ಇಟ್ಟದ್ದು.

ತಾಯಿ ಆರ್ಝೂಲಾ, ಊರಿನ ಬಿಳಿಯರ ವಿನ್‌ಬರ್ನ್ ಕಾಲೇಜಿನ ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸಕ್ಕಿದ್ದವಳು. ಅವಳು ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರ್ ಎಷ್ಟು ಚೂಪಾಗಿ ನಿಲ್ಲುತ್ತಿತ್ತೆಂದರೆ, ಒಬ್ಬ ಮೇಷ್ಟರು ಅದರಲ್ಲೇ ಗಡ್ಡ ಬೋಳಿಸಿಕೊಳ್ಳುತ್ತಿದ್ದರಂತೆ. ಇಂಥ ಆರ್ಝೂಲಾಳನ್ನು ಆ ಕಾಲೇಜಿನ ಮೀಸೆ ಮೊಳೆಯದ ಹುಡುಗರೂ ‘ಏ ಆರ್ಝೂಲಾ’ ಎಂದೇ ಕರೆಯುತ್ತಿದ್ದರು. ಆ ಕಾಲ ಹಾಗಿತ್ತು. ಕಪ್ಪು ಮನುಷ್ಯನಿಗೆ ತಲೆಗೂದಲು ಬೆಳ್ಳಗಾದರೂ ಬಿಳಿಯರ ಬಾಯಲ್ಲಿ ಏಕವಚನ ತಪ್ಪುತ್ತಿರಲಿಲ್ಲ. ‘ಮಿಸ್ಟರ್’ ಎಂಬ ಮಾತನ್ನು ಅವರು ಬೆಳ್ಳಿ ಚಮಚದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು, ತಮ್ಮವರು ಬಂದಾಗ ಮಾತ್ರ ಹೊರತೆಗೆಯುತ್ತಿದ್ದರು.

ಇದಕ್ಕೆ ನಮ್ಮ ತಾಯಂದಿರು ಒಂದು ಉಪಾಯ ಕಂಡುಕೊಂಡಿದ್ದರು. ಮರ್ಯಾದೆಯನ್ನು ಅವರು ಕೊಡುವುದಿಲ್ಲವೇ? ಸರಿ, ಹೆಸರಿನೊಳಗೇ ಹೊಲಿದುಬಿಡೋಣ. ಹಾಗಾಗಿ ನಮ್ಮ ಓಣಿಯಲ್ಲಿ ಒಬ್ಬ ಜಡ್ಜ್ ಇದ್ದ, ಮೀನು ಮಾರುತ್ತಿದ್ದ. ಇಬ್ಬರು ಮೇಜರ್‌ಗಳಿದ್ದರು, ಪಟಾಕಿ ಸದ್ದಿಗೆ ಮಂಚದಡಿ ಸೇರುತ್ತಿದ್ದರು. ಒಬ್ಬಳು ಕ್ವೀನ್, ಕೋಳಿ ಪುಕ್ಕ ಕೀಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

“ಏನಂತ ಹೆಸರು ಬರೆಸ್ಲಿ ಆರ್ಝೂಲಾ?” ಎಂದು ಸೂಲಗಿತ್ತಿ ಕೇಳಿದಳಂತೆ.

“ಪ್ರೊಫೆಸರ್.”

“ಅದು ಹೆಸರಲ್ಲ ಕಣೇ, ಉದ್ಯೋಗ.”

“ಆ ಕಾಲೇಜಿನೋರು ನಮ್ಮಲ್ಲಿ ಒಬ್ರನ್ನೂ ಪ್ರೊಫೆಸರ್ ಮಾಡಲ್ಲ ಅಂತ ಕೂತಿದ್ದಾರೆ. ಅದಕ್ಕೆ ನಾನೇ ಮಾಡ್ದೆ. ನೋಡೋಣ, ಈಗ ಹೇಗೆ ಕರೆಯಲ್ಲ ಅಂತಾರೆ.”

ಬಿಳಿಯರಿಗೆ ಬಂದ ಪೇಚು ಅಷ್ಟಿಷ್ಟಲ್ಲ. ಅಂಗಡಿಯ ಸಾಹುಕಾರ ಆ ಹುಡುಗನನ್ನು ಸಿಳ್ಳೆ ಹಾಕಿ ಕರೆಯತೊಡಗಿದ. ಅಂಚೆಯವನು ‘ನೀನೇ, ನೀನೇ’ ಎಂದು ಬೆರಳು ತೋರಿಸುತ್ತಿದ್ದ. ಕಾಲೇಜಿನ ಡೀನ್ ಹ್ಯಾಸ್ಕೆಲ್ ಸಾಹೇಬರಿಗೆ ಆರ್ಝೂಲಾಳ ಮಗನ ಹೆಸರು ಹೇಳಬೇಕಾಗಿ ಬಂದಾಗಲೆಲ್ಲ ಸೀನು ಬರುತ್ತಿತ್ತು, ‘ಪ್ರೊ’ ಎಂದು ಶುರುವಾದದ್ದು ‘ಆಕ್ಷೀ’ ಎಂದು ಮುಗಿಯುತ್ತಿತ್ತು. ಆ ಸೀನಿನ ರಭಸಕ್ಕೆ ಕಾಲೇಜಿನ ಗಂಟೆ ತಾನಾಗಿ ಹೊಡೆದುಕೊಂಡದ್ದೂ ಉಂಟು.

ಹೀಗೆ ಬೆಳೆದ ಪ್ರೊಫೆಸರರು ನಮ್ಮ ಜನರ ಹೈಸ್ಕೂಲು ಮುಗಿಸಿದರು, ಎಲ್ಲರಿಗಿಂತ ಮುಂದೆಯೇ ನಿಂತು ಮುಗಿಸಿದರು. ಅವ್ವನಿಗೆ ಒಂದೇ ಆಸೆ. ತಾನು ಹಿಂದಿನ ಬಾಗಿಲಿನಿಂದ ಹೋಗುವ ಕಾಲೇಜಿಗೆ ಮಗ ಮುಂದಿನ ಬಾಗಿಲಿನಿಂದ ಹೋಗಬೇಕು. ಆಗ ಓಣಿಗೆಲ್ಲ ಇದ್ದದ್ದು ಒಂದು ಟೆಲಿಫೋನ್, ಅದೂ ಹೆಣಗಳಿಗೆ ಸಿಂಗಾರ ಮಾಡಿ ಮಣ್ಣಿಗೆ ಕಳಿಸುವ ಮಿಸ್ಟರ್ ಕ್ಲಿಯೋಫಸ್ ಗೇನ್ಸ್ ಅವರ ಅಂಗಡಿಯಲ್ಲಿ. ಪ್ರೊಫೆಸರರು ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ಸುದ್ದಿ ಓದುವವರ ದನಿಯಲ್ಲಿ ಮಾತಾಡಿದರು.

“ಗುಡ್ ಮಾರ್ನಿಂಗ್ ಮೇಡಂ. ನಾನು ಪ್ರೊಫೆಸರ್ ಟಾಲಿವರ್. ನಿಮ್ಮ ಕಾಲೇಜಿಗೆ ಸೇರೋ ವಿಚಾರ ಮಾತಾಡ್ಬೇಕಿತ್ತು.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು. “ಓಹೋ, ಪ್ರೊಫೆಸರ್! ನಮ್ಮ ಭಾಗ್ಯ ಸಾರ್! ಗುರುವಾರ ಸಾಯಂಕಾಲ ಬನ್ನಿ. ಡೀನ್ ಸಾಹೇಬ್ರು ಖುದ್ದಾಗಿ ಕಾಯ್ತಿರ್ತಾರೆ. ಟೀಗೇ ಬಂದ್ಬಿಡಿ.”

ಪ್ರೊಫೆಸರರು ಫೋನು ಇಟ್ಟು, “ಅವ್ವಾ, ಎಷ್ಟು ಒಳ್ಳೇ ಜನ! ನಾವೇ ಸುಮ್ನೆ ಏನೇನೋ ಅಂದ್ಕೊಂಡಿದ್ವಿ” ಎಂದರು. ಸೇರುವುದು ಎಂದರೆ ಪಾಠ ಕೇಳಲು ಸೇರುವುದು ಎಂದು ಇವರು. ಪಾಠ ಹೇಳಲು ಸೇರುವುದು ಎಂದು ಅವರು. ಬಟ್ಟೆ ಒಗೆಯುವ ಆರ್ಝೂಲಾಳ ಮನೆತನದ ಹೆಸರು ಟಾಲಿವರ್ ಎಂದು ಆ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿದ್ದೂ ಇಲ್ಲ.

ಟೀಗೆ ಹೋಗಲು ಸೂಟು ಬೇಕು. ಇರಲಿಲ್ಲ. ಗೇನ್ಸ್ ಅವರು ಧಾರಾಳವಾಗಿ ಬೀರು ತೆರೆದು ಒಂದು ಕಪ್ಪು ಸೂಟು ಕೊಟ್ಟರು. ಮುಂದಿನಿಂದ ನೋಡಿದರೆ ಸಾಕ್ಷಾತ್ ಗವರ್ನರ್. ಹಿಂದೆ ಮಾತ್ರ ಏನೂ ಇಲ್ಲ, ಎರಡು ಲಾಡಿ ಅಷ್ಟೆ. ಪೆಟ್ಟಿಗೆಯಲ್ಲಿ ಮಲಗುವವರಿಗೆ ಬೆನ್ನಿನ ಬಟ್ಟೆ ಯಾಕೆ?

“ಇದನ್ನ ಹಾಕ್ಕೊಂಡೋರು ಇವತ್ತಿನವರೆಗೂ ಒಬ್ರೂ ದೂರು ಹೇಳಿಲ್ಲ ಕಣಪ್ಪ,” ಎಂದರು ಗೇನ್ಸ್. “ಒಂದೇ ಮಾತು ನೆನಪಿಟ್ಕೋ. ಯಾರಿಗೂ ಬೆನ್ನು ತೋರಿಸ್ಬೇಡ.”

ಗುರುವಾರ ಪ್ರೊಫೆಸರರು ಕಾಲೇಜಿನ ಮುಂದಿನ ಗೇಟಿನಿಂದ, ಹುಲ್ಲುಹಾಸು ದಾಟಿ, ಗೋಡೆ ಕಂಡಲ್ಲಿ ಗೋಡೆಗೆ ಬೆನ್ನು ಕೊಟ್ಟು ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ಹೋದರು. ಉದ್ದ ಮೇಜು, ಬೆಳ್ಳಿಯ ಟೀ ಪಾತ್ರೆ, ನಡುವೆ ನಿಂಬೆ ಕೇಕು. ಆ ಕೇಕು ಎಷ್ಟು ಎತ್ತರ ಇತ್ತೆಂದರೆ ಆಚೆ ಕೂತವರು ಕಾಣುತ್ತಿರಲಿಲ್ಲ ಎಂದು ಪ್ರೊಫೆಸರರು ಆಮೇಲೆ ಹೇಳುತ್ತಿದ್ದರು. ಡೀನ್ ಹ್ಯಾಸ್ಕೆಲ್ ಬಾಗಿಲ ಕಡೆಯೇ ನೋಡುತ್ತಿದ್ದರು.

“ಏಯ್, ಬಂದವರ ಟೋಪಿ ತಗೊಳ್ಳೋಕೆ ನಿನ್ನನ್ನ ಇಟ್ಟಿದ್ದಾರಾ? ಪ್ರೊಫೆಸರ್ ಟಾಲಿವರ್ ಎಲ್ಲಿ?”

“ನಾನೇ ಸಾರ್.”

ಆ ಕೋಣೆ ಎಷ್ಟು ನಿಶ್ಶಬ್ದವಾಯಿತೆಂದರೆ, ಸಕ್ಕರೆ ಟೀಯಲ್ಲಿ ಕರಗುವುದು ಕೇಳಿಸಿತು.

“ನಿನ್ನ ನಿಜವಾದ ಹೆಸರೇನು?”

“ಪ್ರೊಫೆಸರ್.”

“ನಾನು ಕೇಳಿದ್ದು ಹೆಸರು, ಪದವಿ ಅಲ್ಲ.”

“ನನ್ಹತ್ರ ಇರೋದು ಒಂದೇ ಸಾರ್. ಎರಡಕ್ಕೂ ಅದನ್ನೇ ಬಳಸ್ತೀನಿ.”

ಡೀನರಿಗೆ ಈ ಸಲ ಸೀನು ಬರಲಿಲ್ಲ. ಮುಖ ಕೆಂಪಗಾಯಿತು, ದನಿ ತಣ್ಣಗಾಯಿತು. “ಈ ಕಾಲೇಜಿಗೆ ನಿಮ್ಮ ಜನ ಸೇರೋ ಹಾಗಿಲ್ಲ. ಯಾವತ್ತೂ ಇಲ್ಲ. ಹಿಂದಿನ ಬಾಗಿಲು ಆ ಕಡೆ ಇದೆ, ಹೋಗು.”

ಹಿಂದಿನ ಬಾಗಿಲಿಗೆ ಹೋಗಬೇಕಾದರೆ ತಿರುಗಬೇಕು. ತಿರುಗಿದರೆ ಕಥೆ ಮುಗಿಯಿತು. ಪ್ರೊಫೆಸರರು ಡೀನರ ಕಣ್ಣಲ್ಲಿ ಕಣ್ಣಿಟ್ಟು, ಒಂದೊಂದೇ ಹೆಜ್ಜೆ ಹಿಂದಿಡುತ್ತ, ಬಂದ ಮುಂಬಾಗಿಲಿನಿಂದಲೇ ಹೊರಬಿದ್ದರು. ಊರು ಇದನ್ನು ಅರವತ್ತು ವರ್ಷ ಹಾಡಿ ಹೊಗಳಿತು: ನಮ್ಮ ಹುಡುಗ ಡೀನನಿಗೆ ಬೆನ್ನು ತೋರಿಸಲಿಲ್ಲ, ಹಿಂಬಾಗಿಲಿಗೆ ಹೋಗಲಿಲ್ಲ! ಪ್ರೊಫೆಸರರು ಮಾತ್ರ, “ಧೈರ್ಯ ಅಲ್ಲಪ್ಪಾ, ಗಾಳಿ. ಬರೀ ಗಾಳಿ” ಎನ್ನುತ್ತಿದ್ದರು.

ಆ ಬೆನ್ನನ್ನು ಒಬ್ಬಳು ನೋಡಿದ್ದಳು. ಒಗೆಯುವ ಮನೆಯ ಕಿಟಕಿಯಿಂದ ಆರ್ಝೂಲಾ. ತಾನೇ ಇಸ್ತ್ರಿ ಮಾಡಿದ ಅಂಗಿ, ಅದರ ಮೇಲೆ ಎರಡು ಲಾಡಿ, ಹಿಂದೆ ಹಿಂದೆ ನಡೆದು ಬರುತ್ತಿರುವ ಮಗ. ಅವಳು ಮೊದಲು ನಕ್ಕಳು. ಆಮೇಲೆ ಅಂದಿನ ಬಟ್ಟೆಗೆ ಬೇರೆ ನೀರು ಬೇಕಾಗಲಿಲ್ಲ.

ಪ್ರೊಫೆಸರರು ಕತ್ತರಿ ಹಿಡಿದರು. ಮಿಲ್ ಬೀದಿಯ ಅಂಗಡಿಯಲ್ಲಿ ಕೂದಲಿಗಿಂತ ಹೆಚ್ಚು ಮಾತು ಉದುರುತ್ತಿತ್ತು, ಸಂಜೆ ಗುಡಿಸಿದರೆ ಎರಡೂ ಒಂದೇ ಮೊರದಲ್ಲಿ ಬರುತ್ತಿದ್ದವು. ಮೌಂಟ್ ಆಲಿವ್ ಚರ್ಚಿನಲ್ಲಿ ಹಾಡುವ ವಾಷ್ಟಿಯನ್ನು ಮದುವೆಯಾದರು. ವಾಷ್ಟಿಯ ಕಂಠ ಎಂಥದ್ದೆಂದರೆ, ಅವಳು ‘ಹಲ್ಲೆಲೂಯಾ’ ಎಂದರೆ ಪಕ್ಕದ ಊರಿನವರು ‘ಆಮೆನ್’ ಎನ್ನುತ್ತಿದ್ದರು. ಕೊನೆಗೆ ಕಾಲೇಜು ನಮ್ಮ ಮಕ್ಕಳಿಗೂ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಆರ್ಝೂಲಾ ಮಣ್ಣು ಸೇರಿದ್ದಳು, ಪ್ರೊಫೆಸರರು ಮೂರು ಮಕ್ಕಳ ತಂದೆ. ಆ ಹುಲ್ಲುಹಾಸನ್ನು ಅವರು ಮತ್ತೆ ತುಳಿಯಲಿಲ್ಲ. ಕೇಳಿದರೆ, “ಕಾಲಿಗೆ ಅಲರ್ಜಿ” ಎನ್ನುತ್ತಿದ್ದರು.

ಅವರಿಗೆ ಎಂಬತ್ತು ಹತ್ತಿರವಾದಾಗ ಕಾಲೇಜಿಗೆ ತನ್ನ ಹಳೆಯ ಪಾಪ ನೆನಪಾಯಿತು. ಅಟ್ಲಾಂಟಾದಿಂದ ಕೆಝಾಯಾ ಬ್ರಾಡ್‌ನ್ಯಾಕ್ಸ್ ಎಂಬ ಕಲಾವಿದೆಯನ್ನು ಕರೆಸಿದರು. ನಮ್ಮವಳೇ, ಇನ್ನೂ ಚಿಕ್ಕ ವಯಸ್ಸು, ಕಬ್ಬಿಣವನ್ನು ರೊಟ್ಟಿ ಹಿಟ್ಟಿನ ಹಾಗೆ ನಾದುವವಳು. ಅವಳು ಪ್ರೊಫೆಸರರ ಅಂಗಡಿಯಲ್ಲಿ ವಾರಗಟ್ಟಲೆ ಕೂತು ಎಲ್ಲರ ಮಾತು ಕೇಳಿದಳು. ಆಮೇಲೆ ಒಂದು ದಿನ ಹೇಳಿದಳು.

“ಒಂದು ಜಗಲಿ ಮಾಡ್ತೀನಿ ಮಿಸ್ಟರ್ ಪ್ರೊಫೆಸರ್. ನಮ್ಮ ಅಜ್ಜಿಯರ ಮನೆ ಮುಂದೆ ಇರುತ್ತಲ್ಲ, ಅಂಥದ್ದೇ. ಎಲ್ಲಾ ಕಬ್ಬಿಣದ್ದು. ಕಾಲೇಜಿನ ಮುಂದಿನ ಹುಲ್ಲಿನ ಮೇಲೇ, ನಡುಮಧ್ಯ. ಇವರು ವಾಪಸ್ ಕಳಿಸಿದ ಒಬ್ಬೊಬ್ರಿಗೂ ಒಂದೊಂದು ತೂಗೋ ಕುರ್ಚಿ. ಕುರ್ಚಿ ಬೆನ್ನಲ್ಲಿ ಹೆಸರು ತೂತು ಬೀಳೋ ಹಾಗೆ ಕೊರೆದಿರುತ್ತೆ, ಬಿಸಿಲು ಬಿದ್ರೆ ಹೆಸರು ನೆಲದ ಮೇಲೆ ಕಾಣುತ್ತೆ.”

“ಅವರ ಹುಲ್ಲಿನ ಮೇಲೆ ನಮ್ಮ ಜಗಲಿ!” ಪ್ರೊಫೆಸರರ ಕತ್ತರಿ ನಿಂತಿತು. “ಕೂತ್ಕೊಂಡು ಹೋಗೋರ ಬರೋರ ವಿಚಾರ ಆಡ್ಕೋಬಹುದಾ ತಾಯಿ?”

“ಅದಕ್ಕೇ ಮಾಡ್ತಿರೋದು.”

ಪ್ರೊಫೆಸರರು ಆ ರಾತ್ರಿ ಹೆಂಡತಿಗೆ ಹೇಳಿದ್ದು ಒಂದೇ ಮಾತು. “ಅವ್ವ ಇಟ್ಟ ಹೆಸರು ಆ ಕಾಲೇಜಿನ ಅಂಗಳದಲ್ಲಿ ಬಿಸಿಲಲ್ಲಿ ಬೀಳುತ್ತೆ ವಾಷ್ಟಿ. ಅವಳ ಒಗೆಯೋ ಮನೆ ಕಿಟಕಿಗೆ ಕಾಣೋ ಹಾಗೆ.”

ಕುರ್ಚಿಗಳು ಲಾರಿಯಲ್ಲಿ ಬಂದು ಇಳಿದ ದಿನ ಗಂಡಹೆಂಡತಿ ನೋಡಲು ಹೋದರು. ಒಂದೊಂದೇ ಹೆಸರು ಓದುತ್ತ ಹೋದ ಪ್ರೊಫೆಸರರು ತಮ್ಮ ಕುರ್ಚಿಯ ಮುಂದೆ ನಿಂತರು. ಬಿಸಿಲು ಚೆನ್ನಾಗಿಯೇ ಬಿದ್ದಿತ್ತು. ನೆಲದ ಮೇಲೆ ಕಂಡದ್ದು ‘ಟಾಲಿವರ್’. ಅಷ್ಟೇ.

ಕೆಝಾಯಾ ಸರಿಯಾಗಿಯೇ ಬರೆದುಕೊಟ್ಟಿದ್ದಳು. ಕಾಲೇಜಿನ ಕಚೇರಿಯಲ್ಲಿ ಯಾರೋ ಸಭ್ಯರು ಅದನ್ನು ‘ತಿದ್ದಿ’ ಕಬ್ಬಿಣದ ಕಾರ್ಖಾನೆಗೆ ಕಳಿಸಿದ್ದರು. ಪ್ರೊಫೆಸರರು ಅಧ್ಯಕ್ಷೆಯ ಕೋಣೆಗೆ ಹೋದರು. ಡಾಕ್ಟರ್ ಪೆನ್‌ಹಾಲೋ ಉತ್ತರದ ರಾಜ್ಯಗಳ ಕಡೆಯಿಂದ ಬಂದ ಬಿಳಿಯ ಹೆಂಗಸು, ಒಳ್ಳೆಯವರು. ಎದ್ದು ನಿಂತು ಕೈ ಕುಲುಕಿದರು.

“ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಕುರ್ಚಿಗಳ ಮೇಲೆ ಯಾರ ಬಿರುದೂ ಬೇಡ ಅಂತ ಸಮಿತಿ ತೀರ್ಮಾನ ಮಾಡಿದೆ. ಅಲ್ಲಿ ಎಲ್ಲರೂ ಸಮಾನರು.”

“ಅದು ಬಿರುದಲ್ಲ ಮೇಡಂ, ಹೆಸರು.”

“ಹೌದು, ಊರಲ್ಲಿ ಪ್ರೀತಿಯಿಂದ ಹಾಗೆ ಕರೀತಾರೆ ಅಂತ ಕೇಳಿದ್ದೀನಿ. ಆದ್ರೆ ನಿಮ್ಮ ನಿಜವಾದ ಹೆಸರೇನು?”

ಪ್ರೊಫೆಸರರ ಬೆನ್ನಿಗೆ ಗಾಳಿ ಬಡಿದಂತಾಯಿತು. ಕೋಟು ಪೂರ್ತಿ ಇತ್ತು, ಆದರೂ ಬಡಿಯಿತು. “ಈ ಪ್ರಶ್ನೆ ಈ ಮನೆಯಲ್ಲಿ ನನಗೆ ಎರಡನೇ ಸಲ,” ಎಂದರು.

ಕಥೆ ಕೇಳಿದ ಅಧ್ಯಕ್ಷೆ ಬಿಳಿಚಿಕೊಂಡರು, ಇದ್ದದ್ದಕ್ಕಿಂತಲೂ. ನಿಜವಾಗಿಯೇ ನೊಂದುಕೊಂಡರು. ಆದರೆ ಭಾನುವಾರವೇ ಸಮಾರಂಭ, ಸಮಿತಿಯ ತೀರ್ಮಾನವನ್ನು ಸಮಿತಿಯೇ ಬದಲಿಸಬೇಕು, ಸಮಿತಿ ಮುಂದಿನ ಚಳಿಗಾಲದಲ್ಲಿ ಕೂರುತ್ತದೆ.

“ನಿಮ್ಮ ಸಮಿತಿ ಕೂರೋ ಹೊತ್ತಿಗೆ ನಾನು ಮಲಗಿರ್ತೀನಿ ಮೇಡಂ. ಲಾಡಿ ಸೂಟು ಹಾಕ್ಕೊಂಡು,” ಎಂದು ಪ್ರೊಫೆಸರರು ಎದ್ದು ಬಂದರು.

ಮನೆಯಲ್ಲಿ ವಾಷ್ಟಿ ಬಿಸಿ ಎಣ್ಣೆಗೆ ಮೀನು ಬಿಡುತ್ತಿದ್ದಳು.

“ಹೋಗಲ್ಲ ನಾನು,” ಎಂದರು ಪ್ರೊಫೆಸರರು.

“ನೀವು ಹೋಗ್ದಿದ್ರೆ ಆ ಕುರ್ಚಿ ಮೇಲೆ ಯಾರೋ ಟಾಲಿವರ್ ಕೂರ್ತಾನೆ. ನಮ್ಮ ಕುಲದಲ್ಲಿ ಟಾಲಿವರ್‌ಗಳಿಗೇನು ಬರಗಾಲವಾ? ನಿಮ್ಮ ಚಿಕ್ಕಪ್ಪನ ಮಗ, ಆ ಕುಡುಕ, ಅವನೂ ಟಾಲಿವರ್ರೇ.”

ಪ್ರೊಫೆಸರರು ಆ ದೃಶ್ಯವನ್ನು ನೆನೆದು ಒಂದು ಮೀನು ಪೂರ್ತಿ ತಿಂದರು. “ಸರಿ, ಹೋಗ್ತೀನಿ. ಆದ್ರೆ ನನ್ನ ಹೆಸರು ಹಿಡಿದು ಕರೆಯೋವರೆಗೂ ಏಳಲ್ಲ.”

“ಹಾಗಾದ್ರೆ ದಿಂಬು ತಗೊಂಡು ಬರ್ತೀನಿ,” ಎಂದಳು ವಾಷ್ಟಿ.

ಭಾನುವಾರ ಚರ್ಚು ಮುಗಿಸಿ ಊರಿಗೆ ಊರೇ ಬಂತು. ಹೆಂಗಸರ ಟೋಪಿಗಳು ಎಷ್ಟು ಅಗಲವೆಂದರೆ ಹುಲ್ಲುಹಾಸಿಗೆಲ್ಲ ನೆರಳಾಗಿ, ಕೆಝಾಯಾ ತನ್ನ ಕುರ್ಚಿಗಳಿಗೆ ಬಿಸಿಲು ಬೀಳಲೆಂದು ಕೆಲವರನ್ನು ಕೈಮುಗಿದು ಪಕ್ಕಕ್ಕೆ ಸರಿಸಬೇಕಾಯಿತು. ವೇದಿಕೆಯ ಮೇಲೆ ಕಾಲೇಜಿನ ಮೇಷ್ಟರುಗಳು ಕಪ್ಪು ನಿಲುವಂಗಿ ತೊಟ್ಟು ಸಾಲಾಗಿ ಕೂತಿದ್ದರು. ಪೆನ್‌ಹಾಲೋ ಒಂದೊಂದೇ ಹೆಸರು ಕರೆದರು. ಬದುಕಿದ್ದವರು ತಾವೇ ಜಗಲಿ ಹತ್ತಿದರು, ಇಲ್ಲದವರ ಪರವಾಗಿ ಮಗಳೋ ಮೊಮ್ಮಗನೋ ಹತ್ತಿ ಕುರ್ಚಿಯನ್ನು ಮೆಲ್ಲಗೆ ತೂಗಿದರು. ಕಬ್ಬಿಣ ಕಿರ್ ಎನ್ನುವ ಸದ್ದಿಗೆ ಹಲವರು ಕಣ್ಣೊರೆಸಿಕೊಂಡರು.

“ಮಿಸ್ಟರ್ ಟಾಲಿವರ್.”

ಯಾರೂ ಏಳಲಿಲ್ಲ.

“ಮಿಸ್ಟರ್ ಟಾಲಿವರ್?”

ಹಿಂದಿನ ಸಾಲಿನಿಂದ ಚರ್ಚಿನ ಹಿರಿಯ ಡೀಕನ್ ಲಾಂಝೋ, ಪ್ರೊಫೆಸರರ ಬಾಲ್ಯದ ಗೆಳೆಯ, ಊರುಗೋಲಿನಿಂದ ತಿವಿದರು. “ಏಳೋ ಮಾರಾಯ! ಮಿಸ್ಟರ್ ಅಂದ್ರು ಕಣೋ! ನಮ್ಮಪ್ಪ ಆ ಮಾತು ಕೇಳ್ಬೇಕು ಅಂತ ಕಾದೂ ಕಾದೂ ಸತ್ತ!”

“ಅದು ಮರ್ಯಾದೆ ಲಾಂಝೋ. ಹೆಸರಲ್ಲ. ಇವತ್ತು ಮರ್ಯಾದೆ ಸಾಲದು.”

ಪ್ರೊಫೆಸರರು ದಿಂಬಿನ ಮೇಲೆ ಇನ್ನಷ್ಟು ಒತ್ತಿ ಕೂತರು. ಅಂಗಳದಲ್ಲಿ ಗುಸುಗುಸು ಎದ್ದಿತು. ಆಗ ವಾಷ್ಟಿ ಎದ್ದು ನಿಂತಳು. ಟೋಪಿ ಸರಿಮಾಡಿಕೊಂಡಳು. ಎದೆ ತುಂಬ ಉಸಿರು ಎಳೆದುಕೊಂಡಳು, ಅಕ್ಕಪಕ್ಕದವರಿಗೆ ಸ್ವಲ್ಪ ಹೊತ್ತು ಗಾಳಿ ಸಾಲದೆ ಹೋಯಿತು.

“ಪ್ರೊಫೆಸರ್!”

ವೇದಿಕೆಯ ಮೇಲಿದ್ದ ಅಷ್ಟೂ ನಿಲುವಂಗಿಗಳು ಒಮ್ಮೆಲೇ ಎದ್ದು ನಿಂತವು. ಪಕ್ಕದ ಜಿಲ್ಲೆಯ ಕಾಲೇಜುಗಳಲ್ಲೂ ಕೆಲವರು ಎದ್ದರೆಂದು ಸುದ್ದಿ. ಎದ್ದ ಮೇಲೆ, ಕರೆದದ್ದು ತಮ್ಮನ್ನಲ್ಲ ಎಂದು ಗೊತ್ತಾಗಿ, ಕೂರುವುದೋ ನಿಲ್ಲುವುದೋ ತಿಳಿಯದೆ ಒಬ್ಬರನ್ನೊಬ್ಬರು ನೋಡಿಕೊಂಡರು. ಮೌಂಟ್ ಆಲಿವ್ ಚರ್ಚಿನ ಜನಕ್ಕೆ ಒಬ್ಬರು ಕೂಗಿದರೆ ಎಲ್ಲರೂ ಕೂಗುವ ಅಭ್ಯಾಸ. “ಪ್ರೊಫೆಸರ್!” ಎಂದರು ಲಾಂಝೋ. “ಪ್ರೊಫೆಸರ್!” ಎಂದರು ಟೋಪಿಯವರು. ಅಂಗಳವೆಲ್ಲ ಅದೇ ಆಯಿತು.

ಪೆನ್‌ಹಾಲೋ ಕೈಯಲ್ಲಿದ್ದ ಕಾಗದವನ್ನು ಮಡಿಚಿ ಜೇಬಿಗೆ ಹಾಕಿದರು. ಮೈಕಿನ ಹತ್ತಿರ ಬಾಗಿ, ನಿಧಾನವಾಗಿ ಕರೆದರು. “ಪ್ರೊಫೆಸರ್ ಟಾಲಿವರ್.”

ಪ್ರೊಫೆಸರರು ಕಿವಿಯ ಹಿಂದೆ ಅಂಗೈ ಇಟ್ಟರು. ಇರುವೆ ಕೆಮ್ಮಿದರೂ ಕೇಳಿಸುವ ಕಿವಿ ಅವರದು.

“ಪ್ರೊಫೆಸರ್ ಟಾಲಿವರ್!” ಎಂದರು ಅಧ್ಯಕ್ಷೆ ಮತ್ತೊಮ್ಮೆ, ಈ ಸಲ ನಗುತ್ತ.

“ಮೊದಲ ಸಲವೇ ಕೇಳಿಸ್ತು,” ಎಂದು ಪ್ರೊಫೆಸರರು ಹೆಂಡತಿಗೆ ಪಿಸುಗುಟ್ಟಿದರು. “ಎರಡನೇದು ಅವ್ವನಿಗೆ.”

ಎದ್ದರು. ವೇದಿಕೆಗೆ, ನಿಲುವಂಗಿಗಳಿಗೆ, ಡೀನ್ ಹ್ಯಾಸ್ಕೆಲರ ಹಳೆಯ ಕಿಟಕಿಗೆ, ಎಲ್ಲಕ್ಕೂ ಬೆನ್ನು ತಿರುಗಿಸಿ ಜಗಲಿಯ ಕಡೆ ನಡೆದರು. ಅಷ್ಟು ನಿಧಾನವಾಗಿ ಯಾರೂ ನಡೆದದ್ದನ್ನು ಈ ಊರು ಕಂಡಿಲ್ಲ. ಹೊಸ ಸೂಟು, ಬೆನ್ನ ಮೇಲೂ ಭರ್ತಿ ಬಟ್ಟೆ, ವಾಷ್ಟಿಯೇ ನಿಂತು ಹೊಲಿಸಿದ್ದು. ಎಲ್ಲರೂ ಚೆನ್ನಾಗಿ ನೋಡಲಿ ಎಂದು ನಡುದಾರಿಯಲ್ಲಿ ಒಮ್ಮೆ ನಿಂತು ಬೂಟಿನ ಲೇಸು ಕಟ್ಟಿಕೊಂಡರು. ಬೂಟಿಗೆ ಲೇಸು ಇರಲಿಲ್ಲ.

ಸಮಾರಂಭ ಮುಗಿದ ಮೇಲೆ ಟೀ ಬಂತು, ನಿಂಬೆ ಕೇಕೂ ಬಂತು. ಪ್ರೊಫೆಸರರು ತಮ್ಮ ಕುರ್ಚಿಯಲ್ಲಿ ತೂಗುತ್ತ, ಎರಡನೇ ತುಂಡು ಮುಗಿಸಿ, ಹಳೆಯ ಕೇಕೇ ಎತ್ತರವಾಗಿತ್ತು ಎಂದು ತೀರ್ಪು ಕೊಟ್ಟರು. ಕೆಝಾಯಾ ಬಂದು ಪಕ್ಕದಲ್ಲಿ ನೆಲದ ಮೇಲೇ ಕೂತಳು. ಅವಳ ಕಣ್ಣು ಕೆಂಪಗಾಗಿತ್ತು.

“ಕ್ಷಮಿಸಿ ಮಿಸ್ಟರ್ ಪ್ರೊಫೆಸರ್. ನಾನು ಕಾರ್ಖಾನೆಯಲ್ಲೇ ನಿಂತು ನೋಡ್ಬೇಕಿತ್ತು. ನಾಳೆ ಈ ಬೆನ್ನು ಕಿತ್ತು ಬೇರೆ ಕೊರೆದು ಹಾಕ್ತೀನಿ. ಅಧ್ಯಕ್ಷೆ ಹೂಂ ಅಂದಿದ್ದಾರೆ, ಸಮಿತಿ ಕೇಳಿದ್ರೆ ವಾಷ್ಟಿ ಅಮ್ಮನ್ನ ಕಳಿಸ್ತೀನಿ ಅಂದ್ರು.”

“ಪ್ರೊಫೆಸರ್ ಟಾಲಿವರ್ ಅಂತ ಹಾಕು ತಾಯಿ. ಅದರ ಜೊತೆಗೆ ಇನ್ನೊಂದು ಸಾಲು. ಪದವಿ ಕೊಟ್ಟವರು ಆರ್ಝೂಲಾ ಟಾಲಿವರ್ ಅಂತ.”

ಕೆಝಾಯಾ ಕುರ್ಚಿಯ ಬೆನ್ನನ್ನು ಗೇಣಿನಿಂದ ಅಳೆದಳು. ತುಟಿ ಕಚ್ಚಿಕೊಂಡಳು. “ಜಾಗ ಸಾಲದು. ಅಮ್ಮನ ಹೆಸರು ಹಾಕ್ಬೇಕು ಅಂದ್ರೆ ಒಂದನ್ನ ತೀರಾ ಸಣ್ಣ ಅಕ್ಷರದಲ್ಲಿ ಕೊರೀಬೇಕಾಗುತ್ತೆ.”

“ನನ್ನದನ್ನ ಸಣ್ಣ ಮಾಡು,” ಎಂದರು ಪ್ರೊಫೆಸರರು. “ಇವರ ಸರ್ಟಿಫಿಕೇಟು ನೋಡಿದ್ದೀಯಲ್ಲ? ಕೊಟ್ಟೋರ ಹೆಸರೇ ಅದರಲ್ಲಿ ದಪ್ಪಕ್ಷರ.”